ಹೆಬ್ಬೆರಳು ಮೆಚ್ಚಿದ ಅಂಟು

ನಾನು ಒಂದು ಡಬ್ಬಿ ಅಂಟು. ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನನ್ನ ಬಲ ರಬ್ಬರಿನದು, ಜಿಗುಟು ರಾಳದ್ದು. ರಾಳ ತೀರಾ ಕಡಿಮೆಯಾದರೆ ನಾನು ಯಾವುದನ್ನೂ ಹಿಡಿಯಲಾರೆ. ಅತಿಯಾದರೆ ಹಿಡಿದದ್ದನ್ನು ಉಳಿಸಿಕೊಳ್ಳಲಾರೆ. ಇಷ್ಟು ಸರಳ ಸಂಗತಿ ನನ್ನ ಮಾಲೀಕ ಚನ್ನಬಸಪ್ಪನ ತಲೆಗೆ ಹೋಗಲೇ ಇಲ್ಲ.

ಅವನೊಬ್ಬನನ್ನೇ ದೂರಿ ಏನು ಪ್ರಯೋಜನ? ಅಂಟು ಕೊಳ್ಳುವವರಿಗೆಲ್ಲ ಒಂದೇ ಚಾಳಿ. ಮುಚ್ಚಳ ತೆಗೆದು ಹೆಬ್ಬೆರಳು ಅದ್ದುತ್ತಾರೆ, ತೋರುಬೆರಳಿಗೆ ಒತ್ತಿ ಬಿಡಿಸುತ್ತಾರೆ, ಬೆರಳು ಬಿಡದಿದ್ದರೆ ತಲೆದೂಗುತ್ತಾರೆ. ಆ ಹೆಬ್ಬೆರಳುಗಳನ್ನು ಮೆಚ್ಚಿಸಲು ಚನ್ನಬಸಪ್ಪ ಇನ್ನಷ್ಟು ರಾಳ ಸುರಿಸಿದ.

“ರಾಳ ಅತಿಯಾತ್ರಿ ಸಾಹೇಬ್ರ. ಮುಟ್ಟಿದ ಕೂಡ್ಲೇ ಹಿಡಿತೈತಿ, ಖರೆ. ಬಿಸಲಾಗ ಭಾರ ಬಿತ್ತಂದ್ರ ಜಾರತೈತಿ,” ಎಂದಳು ಅಳತೆ ನೋಡುವ ಸುನಂದಾ.

“ಗಿರಾಕಿ ಬೆರಳಿಗೆ ಹತ್ತಿದ್ರ ಸಾಕವಾ,” ಎಂದ ಆತ.

ರಾಯಚೂರಿನಲ್ಲಿ ಚಪ್ಪಲಿ ಹೊಲಿಯುವ ದುರ್ಗಪ್ಪನೂ ಹೆಬ್ಬೆರಳು ಅದ್ದಿಯೇ ನನ್ನನ್ನು ಕೊಂಡ. ಅವನ ಮಣೆಯ ಕೆಳಗೆ ಕೂತ ನನಗೆ ಕಾಣುತ್ತಿದ್ದುದು ಬರೀ ಕಾಲುಗಳು. ಒಂದು ದಿನ ಹುಲಿಗೆಮ್ಮನ ಕಾಲುಗಳು ಬಂದವು. ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಗಿಡ್ಡ, ಜೊತೆಗೊಂದು ಊರುಗೋಲು. ಅಂಗನವಾಡಿಯಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು.

“ಕೂಸು ಎತ್ತಾಕ ಎರಡೂ ಕೈ ಬೇಕಣ್ಣ. ಕೋಲು ಬಿಡಂಗ ಒಂದು ಎತ್ತರದ ಚಪ್ಪಲಿ ಮಾಡಿಕೊಡು,” ಎಂದಳು.

ದುರ್ಗಪ್ಪ ನಾಲ್ಕು ಪದರ ರಬ್ಬರಿಗೆ ನನ್ನನ್ನು ಬಳಿದು ಒತ್ತಿದ. ನಾನು ಗಪ್ಪನೆ ಹಿಡಿದೆ. ಅವನಿಗೆ ಖುಷಿಯೋ ಖುಷಿ. ಹುಲಿಗೆಮ್ಮ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದಳು. ನನಗೆ ಮಾತ್ರ ಸುನಂದಾ ಹೇಳಿದ್ದು ನೆನಪಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ಹಿಂದಿರುಗಿದಳು. ಬಿಸಿಲಿಗೆ ನಾನು ಮೆತ್ತಗಾಗಿ, ಪದರಗಳು ವಾರೆಯಾಗಿ ಹಾಸಿದ ರೊಟ್ಟಿಗಳಂತೆ ಜರುಗಿದ್ದವು.

“ಕೂಸಿನ ಸಮೇತ ಬಿದ್ದೆ. ಅದರ ತುಟಿ ಒಡೀತಣ್ಣ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಗಿಂತ ನನಗೆ ಆ ಹೆಬ್ಬೆರಳುಗಳ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ದುರ್ಗಪ್ಪ ನನ್ನನ್ನು ಕೆರೆದು ತೆಗೆದ. ಬೆರಳಿಗೆ ಹತ್ತುವುದಿಲ್ಲವೆಂದು ಮೂಲೆಗಿಟ್ಟಿದ್ದ ಬೇರೊಂದು ಡಬ್ಬಿ ತೆರೆದ. ಈ ಸಲ ಬೆರಳು ಅದ್ದಲಿಲ್ಲ. ಎರಡು ಪಟ್ಟಿ ಅಂಟಿಸಿ, ಇಟ್ಟಿಗೆ ಕಟ್ಟಿ ಬಿಸಿಲಲ್ಲಿ ತೂಗುಹಾಕಿದ. ಸಂಜೆಯವರೆಗೂ ಅದು ಕದಲಲಿಲ್ಲ. ಆಮೇಲೆಯೇ ಚಪ್ಪಲಿ ಮುಟ್ಟಿದ.

ಹುಲಿಗೆಮ್ಮ ಹಾಕಿಕೊಂಡು ನೆಟ್ಟಗೆ ನಡೆದಳು. ಕೋಲು ಮಾತ್ರ ಊರುತ್ತಲೇ ಇದ್ದಳು.

“ಇನ್ನ ಕೋಲ್ಯಾಕವ್ವ? ಇದು ಬಿಡಂಗಿಲ್ಲ.”

“ಇರಲಿ ಬಿಡಣ್ಣ. ಕೂಸು ಒಂದ ಕೈಲೆ ಎತ್ತತೀನಿ.”

ಈಗ ನಾನು ತಳ ಕಂಡ ಡಬ್ಬಿ. ಉಳಿದದ್ದನ್ನು ದುರ್ಗಪ್ಪ ರಟ್ಟಿಗೆ ಬಳಿದು ಇಲಿ ಹಿಡಿಯುತ್ತಾನೆ. ಒಂದೂ ತಪ್ಪಿಸಿಕೊಳ್ಳುವುದಿಲ್ಲ, ಅವನು ಹೊಗಳುತ್ತಾನೆ, ನನಗೆ ಮೈ ಉರಿಯುತ್ತದೆ. ಹುಲಿಗೆಮ್ಮ ದಿನವೂ ಇದೇ ದಾರಿಯಲ್ಲಿ ಹೋಗುತ್ತಾಳೆ. ಹೊಸ ಅಂಟು ಗಟ್ಟಿಯಾಗಿಯೇ ಇದೆ. ಅವಳ ಬಲಗೈ ಇನ್ನೂ ಕೋಲು ಬಿಟ್ಟಿಲ್ಲ.