ಇದ್ದಾರೆ, ಇಲ್ಲ

ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಗಳು ಹೇಗಿರಬೇಕು ಎಂಬ ಹನ್ನೊಂದು ತತ್ವಗಳನ್ನು ಬರೆದವಳಾದ್ದರಿಂದ ಕಚೇರಿಯಲ್ಲಿ ಅವಳಿಗೆ ತತ್ವಮ್ಮ ಎಂದೇ ಅಡ್ಡಹೆಸರು. ಮೂರನೇ ತತ್ವವಂತೂ ಅವಳ ಮುದ್ದಿನ ಕೂಸು: ಒಂದು ಸಂಗತಿ ಒಂದೇ ಕಡೆ ದಾಖಲಾಗಬೇಕು, ಉಳಿದ ಇಲಾಖೆಗಳೆಲ್ಲ ಅದನ್ನೇ ನಂಬಬೇಕು.

ಬೆಳಿಗ್ಗೆ ಹತ್ತೂವರೆಗೆ ಡಯಾಲಿಸಿಸ್ ಕೇಂದ್ರದ ಸಿಸ್ಟರ್ ಫೋನ್ ಮಾಡಿದರು.

"ಮೇಡಂ, ನಿಮ್ಮ ತಂದೆಯವರ ಬೆರಳು ತಗೊಳ್ತಿಲ್ಲ, ಮಿಷನ್ ಶುರುವಾಗ್ತಿಲ್ಲ. ಸ್ಕ್ರೀನ್ ಮೇಲೆ 'ಇಲ್ಲ' ಅಂತ ಬರ್ತಿದೆ."

"ಏನಿಲ್ಲ?"

"ಅವರೇ ಇಲ್ಲವಂತೆ. ಇಲ್ಲೇ ಕೂತಿದಾರೆ, ಕಾಲೆಲ್ಲ ಊದಿದೆ. ಉಸಿರು ಬೇರೆ ಕಟ್ತಿದೆ."

ಆ 'ಇಲ್ಲ' ಮನೆಮನೆ ಗಣತಿಯ ದಾಖಲೆಯಿಂದಲೇ ಬಂದಿರಬೇಕು. ಮನೆಗೆ ಯಾರಾದರೂ ಬಂದಿದ್ದರೇ ಎಂದು ಗಂಡನಿಗೆ ಫೋನ್ ಮಾಡಿ ಕೇಳಿದಳು.

"ಮೊನ್ನೆ ಗಣತಿಯವನು ಬಂದಿದ್ದ. ಹಿರಿಯರು ಇದಾರಾ ಅಂದ, ಇಲ್ಲ ಅಂದೆ. ಮಾವ ಡಯಾಲಿಸಿಸ್‌ಗೆ ಹೋಗಿದ್ರಲ್ಲ! ಇದ್ದದ್ದನ್ನೇ ಹೇಳಿದೆ ಕಣೇ."

ಗಣತಿಯವನ ಫೋನಿನಲ್ಲಿ ಎರಡೇ ಗುಂಡಿಗಳು: ಇದ್ದಾರೆ, ಇಲ್ಲ. 'ಬದುಕಿದ್ದಾರೆ', 'ತೀರಿಕೊಂಡಿದ್ದಾರೆ' ಎಂಬ ಉದ್ದನೆಯ ಮಾತು ಸಣ್ಣ ಪರದೆಗೆ ಹಿಡಿಸುವುದಿಲ್ಲ ಎಂದು ಕತ್ತರಿ ಹಾಕಿದವಳು ತತ್ವಮ್ಮನೇ. ತಪ್ಪು ತಿದ್ದಲು ಆ ವ್ಯಕ್ತಿಯೇ ಬೆರಳೊತ್ತಬೇಕು. ಆದರೆ ತೀರಿಕೊಂಡವರ ಬೆರಳನ್ನು ಯಾವ ಯಂತ್ರವೂ ಒಪ್ಪಕೂಡದು, ಅದು ಏಳನೇ ತತ್ವ. ಮೋಸಗಾರರನ್ನು ತಡೆಯಲೆಂದು ಬರೆದದ್ದು. ಅಂದು ಸಭೆಯಲ್ಲಿ ಚಪ್ಪಾಳೆಯೂ ಬಿದ್ದಿತ್ತು.

ಟ್ಯಾಕ್ಸಿಯಲ್ಲಿ ಕೂತು ದಾಖಲೆ ವಿಭಾಗಕ್ಕೆ ಫೋನ್ ಮಾಡಿ ಗೋಗರೆದಳು. "ತಿದ್ದುಪಡಿ ಸಮಿತಿ ಸೋಮವಾರ ಕೂರತ್ತೆ ಮೇಡಂ. ನಿಮ್ಮದೇ ರೂಲ್ಸು" ಎಂದರು. ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಇವತ್ತು ತಪ್ಪಿದರೆ ಎದೆಯಲ್ಲಿ ನೀರು ತುಂಬುತ್ತದೆಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಟ್ಯಾಕ್ಸಿ ಕೇಂದ್ರದ ಮುಂದೆ ನಿಂತೊಡನೆ ಒಳಗೋಡಿದಳು.

ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಏದುಸಿರು ಬಿಡುತ್ತಿದ್ದರು.

"ಇದೀನಲ್ಲಮ್ಮ ನಾನು? ಬೇಕಾದ್ರೆ ಚಿವುಟಿ ನೋಡು."

ನಗಲು ಹೋದಳು, ಅಳು ಬಂತು. ಸಿಸ್ಟರ್ ಕಡೆ ತಿರುಗಿದಳು. ಹೋದ ವರ್ಷದ ಸಭೆಯಲ್ಲಿ ಇದೇ ಸಿಸ್ಟರ್ ಎದ್ದು ನಿಂತು, "ಎಲ್ಲ ಕೆಟ್ಟಾಗ ನಾವೇ ಕೈಯಾರೆ ಶುರು ಮಾಡೋಕೆ ಒಂದು ದಾರಿ ಇರ್ಲಿ" ಎಂದಿದ್ದರು. ತತ್ವಮ್ಮ ಕರಡಿನಿಂದ ಆ ಸಾಲನ್ನು ಹೊಡೆದುಹಾಕಿದ್ದಳು.

"ಬೆರಳು ಕೇಳದ ಹಳೇ ಮಿಷನ್ ಒಂದಿತ್ತಲ್ಲ ಸಿಸ್ಟರ್..." ಎಂದಳು.

"ಗುಜರಿಗೆ ಹಾಕಿ ಅಂತ ನೀವೇ ಆರ್ಡರ್ ಕಳಿಸಿದ್ರಿ."

ಸಿಸ್ಟರ್ ಅವಳ ಮುಖವನ್ನೊಮ್ಮೆ ದಿಟ್ಟಿಸಿ, ಜೇಬಿನಿಂದ ಬೀಗದ ಕೈ ತೆಗೆದು ಉಗ್ರಾಣದ ಬಾಗಿಲು ತೆರೆದರು. ಹಾಸಿಗೆ ಬಟ್ಟೆಗಳ ರಾಶಿಯ ಹಿಂದೆ ಹಳೇ ಮಿಷನ್ ಹೊಳೆಯುತ್ತಿತ್ತು. "ಹಾಕೋಕೆ ಮನಸ್ಸು ಬರ್ಲಿಲ್ಲ. ವಾರಕ್ಕೊಂದ್ಸಲ ತೊಳೆದು ಓಡಿಸ್ತೀನಿ" ಎಂದರು.

ಅಪ್ಪನ ರಕ್ತ ನಳಿಗೆಯಲ್ಲಿ ಹರಿಯತೊಡಗಿದ ಹತ್ತೇ ನಿಮಿಷಕ್ಕೆ ಅವಳ ಫೋನ್ ಬಡಿದುಕೊಂಡಿತು. ಅವಳ ಕೈಕೆಳಗಿನ ಇಂಜಿನಿಯರು.

"ಮೇಡಂ, ನೀವು ಆ ಕೇಂದ್ರದಲ್ಲೇ ಇದೀರಂತೆ. ಅಲ್ಲಿ ಪಟ್ಟಿಯಲ್ಲಿಲ್ಲದ್ದು ಏನೋ ಕರೆಂಟ್ ಎಳೀತಿದೆ. ಹಳೇ ಮಿಷನ್ ಏನಾದ್ರೂ ಇದೆಯಾ? ಇದ್ರೆ ಇಲ್ಲಿಂದ್ಲೇ ಲೈನ್ ಕಟ್ ಮಾಡ್ತೀನಿ."

ಅಪ್ಪ ಕಣ್ಣು ಮುಚ್ಚಿದ್ದರು. ಎದೆ ನಿಧಾನಕ್ಕೆ ಏರಿ ಇಳಿಯುತ್ತಿತ್ತು.

"ಇಲ್ಲ" ಎಂದಳು.

"ಸರಿ ಮೇಡಂ, 'ಇಲ್ಲ' ಅಂತ ಒತ್ತಿದೀನಿ."

ಮುಂದಿನ ನಾಲ್ಕು ಗಂಟೆ ಅವಳು ಅಪ್ಪನ ಕೈ ಬಿಡಲಿಲ್ಲ, ಮಿಷನ್ನಿನ ಹಸಿರು ದೀಪದಿಂದ ಕಣ್ಣೂ ತೆಗೆಯಲಿಲ್ಲ.