ಶ್ರಾವಣದಲ್ಲಿ ತೆಗೆದ ರಕ್ತ

ಮುರಗೋಡದ ನನ್ನ ತಂಗಿಯ ಮನೆಗೆ ನಾನು ಹೋದರೆ ಮೊದಲು ಬೈಗುಳ, ಆಮೇಲೆ ಚಹಾ ಎಂದು ಆ ಮನೆಯವರೇ ಹೇಳುತ್ತಾರೆ. ಹೇಳಲಿ ಬಿಡಿ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಜೀನುಗಳ ಪರೀಕ್ಷೆ ಮಾಡುತ್ತಿರುವವಳು ನಾನು, ತಪ್ಪು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಆದರೆ ಮೊನ್ನೆ ಗುರುವಾರ ಹೋದಾಗ ಯಾರನ್ನೂ ಬೈಯಲಿಲ್ಲ. ನನ್ನ ಚೀಲದಲ್ಲಿ ನಾಲ್ಕು ತಿಂಗಳ ಸಾಗರನ ವರದಿ ಇತ್ತು.

ಸಾಗರ ನನ್ನ ತಂಗಿ ಶೀತಲಳ ಎರಡನೇ ಮಗು. ಮೊದಲನೆಯವಳು ಗುರುಬಸವ್ವ, ನಮಗೆಲ್ಲ ಬಸು. ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಮುಂಚೆ ತೀರಿಕೊಂಡಳು. ಐದು ಕೂಡ ತುಂಬಿರಲಿಲ್ಲ. ಯಾವ ಸೋಂಕೂ ಇಲ್ಲದೆ ಜ್ವರ ಬರುತ್ತಿತ್ತು, ಬೆರಳ ತುದಿಗೆಲ್ಲ ಕೆಂಪು ಹುಣ್ಣು, ಕಡೆಕಡೆಗೆ ನಡೆಯುವುದನ್ನೇ ಮರೆತಳು.

ಆ ರೋಗದ ಮೂಲ ಹುಡುಕಿದ್ದು ನಮ್ಮ ಪ್ರಯೋಗಾಲಯವೇ. ನಮ್ಮ ಜೀವಕೋಶದೊಳಗಿನ ಬರಹದಲ್ಲಿ, ಅಂದರೆ ಡಿಎನ್‌ಎಯಲ್ಲಿ, ಹತ್ತಿರಹತ್ತಿರ ಅರ್ಧ ಭಾಗ ಜಿಗಿಯುವ ತುಣುಕುಗಳದ್ದು. ಯಾವ ಕಾಲದಲ್ಲೋ ತಮ್ಮನ್ನು ತಾವೇ ನಕಲು ಮಾಡಿಕೊಂಡು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿದು ಕೂತಿವೆ. ಬಹಳಷ್ಟು ಸುಮ್ಮನೆ ಬಿದ್ದಿವೆ. ಕೆಲವು ಮಾತ್ರ ರೋಗದ ವಿರುದ್ಧ ಹೋರಾಡುವ ಜೀನುಗಳ ಪಕ್ಕದಲ್ಲಿ ಕೂತು ಅವುಗಳ ಸ್ವಿಚ್ಚೇ ಆಗಿಬಿಟ್ಟಿವೆ. ಅವುಗಳಿಂದ ನಮಗೆ ಉಪಕಾರವೂ ಇದೆ. ಬಸುವಿನಲ್ಲಿ ಹಾಗೊಂದು ತುಣುಕು ಕೂಡಬಾರದ ಜಾಗದಲ್ಲಿ ಕೂತಿತ್ತು, ಸೋಂಕು ಇಲ್ಲದಿದ್ದರೂ ಮೈಯ ಹೋರಾಟ ನಿಲ್ಲುತ್ತಿರಲಿಲ್ಲ. ಶೀತಲಳಿಗೆ ತಿಳಿಯಲೆಂದು ನಾನು ಅವರ ಹೊಲದ ಮೋಟಾರಿನ ಮಾತು ತೆಗೆದಿದ್ದೆ: "ಸ್ಟಾರ್ಟರ್ ಬಂದ್ ಆಗವಲ್ದು ಅಂತ ತಿಳ್ಕೊ. ಬಾವ್ಯಾಗ ನೀರ ಇರಲಿ ಬಿಡಲಿ, ಮೋಟಾರ ಓಡಿ ಓಡಿ ತಾನ ಸುಟ್ಟಹೋಗತೈತಿ."

ಆ ತುಣುಕು ತಂದೆ ತಾಯಿಯಿಂದ ಬಂದದ್ದೋ, ಮಗುವಿನಲ್ಲೇ ಹೊಸದಾಗಿ ಜಿಗಿದದ್ದೋ ತಿಳಿಯಬೇಕಿತ್ತು. ಬಸು ಬದುಕಿದ್ದಾಗಲೇ, ಒಂದು ಶ್ರಾವಣದಲ್ಲಿ, ಶೀತಲ ಮತ್ತು ಅವಳ ಗಂಡ ಮಹಾದೇವನ ರಕ್ತ ತೆಗೆಸಿದೆ. ಇಬ್ಬರಲ್ಲೂ ತುಣುಕು ಇರಲಿಲ್ಲ. ಹೊಸದಾಗಿ ಜಿಗಿದದ್ದು ಎಂದು ವರದಿ ಬರೆದೆ.

ಬಸು ಹೋದ ಮರುವರ್ಷ ಶೀತಲ ಫೋನು ಮಾಡಿದಳು.

"ಅಕ್ಕಾ, ಎರಡ ತಿಂಗಳಾತು. ಇದಕ್ಕೂ ಬಸುನಂಗ ಆಗೂದಿದ್ರ ಈಗ ಹೇಳಿಬಿಡು, ತೆಗಿಸಿಬಿಡ್ತೇನಿ. ಇನ್ನೊಂದನ್ನ ಮಣ್ಣಿಗಿಡಾಕ ನನ್ನ ಕೈಲೆ ಆಗೂದಿಲ್ಲ."

"ಹುಚ್ಚಿ, ಸುಮ್ಮಕ ಕುಂದರು" ಎಂದು ಗದರಿದೆ. "ನಿನ್ನ ರಕ್ತದಾಗಿಲ್ಲ, ನಿನ್ನ ಗಂಡನ ರಕ್ತದಾಗೂ ಇಲ್ಲ. ಮನ್ಯಾಗ ಇಲ್ಲದ್ದು ಕೂಸಿಗೆ ಎಲ್ಲಿಂದ ಬರತೈತಿ? ಇಟ್ಕೊ."

ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಿಸಬಹುದಿತ್ತು. ಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳುವುದು ಯಾಕೆ ಎಂದವಳೂ ನಾನೇ.

ಈಗ ಸಾಗರನ ಬೆರಳ ತುದಿ ಕೆಂಪಾಗಿದೆ. ಜ್ವರ ಇಳಿಯುತ್ತಿಲ್ಲ. ವರದಿಯಲ್ಲಿ ಅದೇ ತುಣುಕು, ಅದೇ ಜಾಗ. ಹೊಸದಾಗಿ ಜಿಗಿದದ್ದು ಎರಡನೇ ಮಗುವಿನಲ್ಲೂ ಅಲ್ಲೇ ಹೋಗಿ ಕೂಡುವುದಿಲ್ಲ. ಎಲ್ಲೋ ತಪ್ಪಾಗಿತ್ತು. ಯಂತ್ರದ್ದೋ, ಪರೀಕ್ಷೆಯ ರಾಸಾಯನಿಕದ್ದೋ ಎಂದು ಮೂರು ದಿನ ತಲೆ ಕೆಡಿಸಿಕೊಂಡು ಮುರಗೋಡಕ್ಕೆ ಹೋದೆ.

ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಶೀತಲಳ ಅತ್ತೆ ರಾಚವ್ವ ಜೋಳ ಹಸನು ಮಾಡುತ್ತಿದ್ದರು. ಮಹಾದೇವ ಕಂಬಕ್ಕೆ ಒರಗಿದ್ದ. ಅವನ ತಮ್ಮ ನಿಂಗರಾಜ ಆಗಷ್ಟೇ ಹೊಲದಿಂದ ಬಂದಿದ್ದ. ಶೀತಲ ಮಗುವನ್ನು ಎದೆಗವಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಬ್ಬರ ರಕ್ತನೂ ಇನ್ನೊಂದ ಸಲ ಬೇಕಾಗೇತಿ, ಮೊದ್ಲ ಮಹಾದೇವಂದು" ಎಂದೆ.

ಮಹಾದೇವ ಏಳುವ ಮೊದಲೇ ನಿಂಗರಾಜ ತೋಳು ಮಡಚಿಕೊಂಡು ಬಂದು ನನ್ನೆದುರು ಕೂತ.

"ತಗೋರಿ ಅಕ್ಕಾರ. ಹ್ವಾದ ಸಲನೂ ಅಣ್ಣನ ಬದ್ಲಿ ನಾನ ಕೊಟ್ಟಿದ್ನೆಲ್ಲ."

ರಾಚವ್ವ ಮೊರ ಕೆಳಗಿಟ್ಟು ತಾವೇ ಹೇಳಿದರು. "ಶ್ರಾವಣ ಇತ್ತಲ್ಲವಾ. ಬಸುನ ಜರ ಇಳೀಲಿ ಅಂತ ಮಠಕ್ಕ ಹರಕಿ ಹೊತ್ತಿದ್ದೆ. ತಿಂಗಳ ಮುಗಿಯೂತನಕ ಮಹಾದೇವನ ಮೈಗೆ ಕತ್ತಿ ಸೂಜಿ ತಾಗಿಸಂಗಿಲ್ಲ, ರಕ್ತ ಬರಸಂಗಿಲ್ಲ. ಗಡ್ಡಾ ಸೈತ ತೆಗದಿದ್ದಿಲ್ಲ ಅಂವ. ಅದಕ್ಕ ಸಣ್ಣಾಂವ ಕೈ ಕೊಟ್ಟ. ಇಬ್ರೂ ನನ್ನ ಹೊಟ್ಯಾಗ ಹುಟ್ಟ್ಯಾರ, ಒಂದ ರಕ್ತ ಅಲ್ಲೇನು?"

ಅಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಅಂಥ ತುಣುಕು ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದೆ ಇರಬಹುದು. ಕೆಲವರಲ್ಲಿ ಮೈಯೇ ಅದನ್ನು ಅದುಮಿ ಮಲಗಿಸಿಟ್ಟಿರುತ್ತದೆ, ಅವರ ಮಕ್ಕಳಲ್ಲಿ ಅದು ಎದ್ದುಬಿಡುತ್ತದೆ. ಯಾಕೆ ಎಂದು ನಮಗೂ ಪೂರ್ತಿ ಗೊತ್ತಿಲ್ಲ. ಆದರೆ ಮಹಾದೇವನ ಬೆರಳುಗಳು ಪ್ರತಿ ಚಳಿಗಾಲ ಕೆಂಪಗೆ ಊದುವುದನ್ನು ಹತ್ತು ವರ್ಷದಿಂದ ನೋಡಿದ್ದೇನೆ. ಕೊಬ್ಬರಿ ಎಣ್ಣೆ ಹಚ್ಚಿಕೊ ಎಂದು ಬೈದಿದ್ದೇನೆ. ನಾನು ಕಲಿತ ವಿದ್ಯೆಗೆ ಬೆಂಕಿ ಬೀಳಲಿ.

ಅವತ್ತು ರಕ್ತ ತೆಗೆದ ನರ್ಸನ್ನು ಸವದತ್ತಿಯಿಂದ ಕರೆದುಕೊಂಡು ಬಂದಿದ್ದೆ. ಅವಳಿಗೆ ಈ ಮನೆಯ ಮುಖಗಳು ಗೊತ್ತಿರಲಿಲ್ಲ. ಅದಕ್ಕೇ ನಾನು ಎದುರಿಗೆ ಇರಬೇಕಿತ್ತು. 'ನನ್ನ ಎದುರಿನಲ್ಲಿ ತೆಗೆದದ್ದು' ಎಂಬ ಸಾಲಿನ ಕೆಳಗೆ ಸಹಿ ಹಾಕಿದವಳು ನಾನು.

"ನಿಂಗರಾಜನ ರಕ್ತ ಆಗೂದಿಲ್ಲರಿ. ಅಣ್ಣ ತಮ್ಮರಾದ್ರೂ ಬ್ಯಾರೆ ಇರತೈತಿ" ಎಂದೆ. ಮಹಾದೇವನಿಗೆ ಅರ್ಥವಾಯಿತು. ತನ್ನ ಊದಿದ ಬೆರಳುಗಳನ್ನೇ ನೋಡಿಕೊಂಡ.

"ನನ್ನಿಂದ ಬಂದೇತೇನ್ರಿ ಅಕ್ಕಾರ? ಬಸುಗೂ?"

ಹೌದೆಂದು ತಲೆಯಾಡಿಸಿದೆ. ರಾಚವ್ವ ಸರಿದು ಬಂದು ಮಗನ ತೋಳನ್ನು ತಾವೇ ಹಿಡಿದು ನನ್ನ ಮುಂದೆ ಚಾಚಿದರು. "ಈ ಸಲ ಯಾವ ಹರಕಿನೂ ಇಲ್ಲ ನಮ್ಮವ್ವಾ. ಎಷ್ಟ ಬೇಕಾದ್ರೂ ತಗೊ. ನಂದೂ ತಗೊ."

ಇನ್ನು ಯಾರ ರಕ್ತದಿಂದಲೂ ಏನೂ ಆಗುವಂತಿರಲಿಲ್ಲ. ಬಸುವಿಗೆ ಕೊಟ್ಟ ಔಷಧಗಳೇ ಸಾಗರನಿಗೂ, ಬೇರೆ ನಮ್ಮ ಬಳಿ ಇಲ್ಲ. ಆದರೂ ಮಹಾದೇವನ ರಕ್ತ ತೆಗೆದೆ, ನನ್ನ ಕೈಯಿಂದಲೇ. ಅವನ ಮುಖ ನೋಡಿಕೊಂಡೇ ಕೊಳವೆಯ ಮೇಲೆ ಅವನ ಹೆಸರು ಬರೆದೆ.

ಶೀತಲ ಅಳಲಿಲ್ಲ. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚಲೋ ಇತ್ತು.

"ಅಕ್ಕಾ, ಅವತ್ತ ನೀ ಅಡಗಿ ಮನ್ಯಾಗ ನನ್ನ ಜೋಡಿ ಇದ್ದಿ" ಎಂದಳು. ಮಗುವಿನ ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. "ರಕ್ತ ತೆಗ್ಯಾಕ ಹತ್ಯಾರ, ಹೋಗಿ ನೋಡ್ತೇನಿ ಅಂತ ಎದ್ದಿದ್ದಿ ನೀನು. ಇನ್ನೊಂದ ಬಿಸಿ ರೊಟ್ಟಿ ಹಾಕ್ತೇನಿ ಕುಂದರು ಅಂತ ಕೈ ಹಿಡದ ಕೂಡಿಸಿದಾಕಿ ನಾನ."

ಹೌದು. ನಾನು ಕೂತಿದ್ದೆ, ಆ ರೊಟ್ಟಿಯನ್ನು ತಿಂದಿದ್ದೆ.