ಅಮ್ಮಾವ್ರ ನಡಿಗೆ

“ಹಾಗಲ್ವೇ, ಬೇಗ ಬೇಗ ಹೆಜ್ಜೆ ಹಾಕು. ಒಲೆ ಮೇಲೆ ಹಾಲು ಉಕ್ತಾ ಇದೆ ಅಂದ್ಕೋ,” ಎಂದು ಅರಮನೆಯ ದಾಸಿ ಮೆಲಿತೆ ಮತ್ತೆ ತಾನೇ ನಡೆದು ತೋರಿಸಿದಳು.

ಬಕ್ಕಿಸ್ ಮೇಣದ ಮುಖವಾಡ ತೆಗೆದು ಬೆವರು ಒರೆಸಿಕೊಂಡಳು. ಸತ್ತವರ ವೇಷ ಕಟ್ಟಿ, ಅವರಂತೆಯೇ ನಡೆದು ನುಡಿದು ಶವದ ಮುಂದೆ ಸಾಗುವುದು ಅವಳ ಕಸುಬು. ರೋಮಿನ ಎಷ್ಟೋ ದೊಡ್ಡ ಮನೆಯ ಹೆಂಗಸರಾಗಿ ನಡೆದವಳಿಗೆ, ಚಕ್ರವರ್ತಿಯ ತೀರಿಹೋದ ಹೆಂಡತಿಯಾಗಿ ನಡೆಯುವುದು ಇದೇ ಮೊದಲು. ಅರಮನೆಯ ಪಾರುಪತ್ಯಗಾರ ಬೆಳಿಗ್ಗೆಯೇ ಬಂದು, ರಾಣಿ ದೇವತೆಯಂತೆ ನಡೆಯಬೇಕು, ಕುಚೋದ್ಯ ಗಿಚೋದ್ಯ ಕೂಡದು, ತಪ್ಪಿದರೆ ಇಬ್ಬರ ಬೆನ್ನ ಚರ್ಮವನ್ನೂ ಸುಲಿಸುತ್ತೇನೆ ಎಂದು ಹೇಳಿಹೋಗಿದ್ದ.

“ನಿಂಗ್ಯಾಕೆ ಈ ಉಸಾಬರಿ? ದೇವತೆ ಥರ ನಡೆದ್ರೆ ಇಬ್ರೂ ಉಳ್ಕೋತೀವಿ,” ಎಂದಳು ಬಕ್ಕಿಸ್.

“ಇವತ್ತು ಬಿಟ್ರೆ ಅಮ್ಮಾವ್ರನ್ನ ಅಮ್ಮಾವ್ರ ಥರ ಯಾರೂ ಇನ್ನೊಂದ್ಸಲ ನೋಡೋಲ್ಲ ಕಣೇ. ನಾನು ಅವ್ರಿಗೆ ಬೇರೆ ಏನು ಕೊಡ್ಲಿ?”

*

ಮೆಲಿತೆ ರಾಣಿ ಕಸ್ಪೇರಿಯಳ ತಲೆ ಬಾಚುವ ದಾಸಿಯಾಗಿ ಬಂದ ಹೊಸತು. ಕೂದಲು ಸುರುಳಿ ಮಾಡುವ ಕಬ್ಬಿಣದ ಸರಳು ಹೆಚ್ಚು ಕಾದು ರಾಣಿಯ ಕಿವಿ ಸುಟ್ಟಿತು. ಬೇರೆ ಮನೆಯಾಗಿದ್ದರೆ ಒಡತಿಯ ಮುಡಿಯ ಸೂಜಿ ಮೆಲಿತೆಯ ತೋಳಿಗೆ ಇಳಿಯುತ್ತಿತ್ತು. ಪಾರುಪತ್ಯಗಾರ ಚಾವಟಿ ಹಿಡಿದು ಓಡಿಬಂದರೆ, ಸರಳನ್ನು ತಾನೇ ಮುಟ್ಟಿದೆನೆಂದು ಹೇಳಿ ರಾಣಿ ಅವನನ್ನು ಸಾಗಹಾಕಿದಳು.

“ಸುಟ್ಟಿದ್ದು ನನ್ನ ಕಿವಿ, ಅಳೋದು ನೀನಾ?” ಎಂದು ನಕ್ಕು, ತನ್ನ ತಟ್ಟೆಯ ಬೇಯಿಸಿದ ಮೊಟ್ಟೆಯನ್ನು ಅವಳ ಕೈಗಿಟ್ಟಳು. ಅಂದಿನಿಂದ ಮೆಲಿತೆಗೆ ಈ ಭೂಮಿಯ ಮೇಲೆ ತನ್ನವರು ಅಂತ ಒಬ್ಬರಾದರು.

*

ಕೊಳಲು, ಕಹಳೆಗಳ ಹಿಂದೆ ಮೆರವಣಿಗೆ ಹೊರಟಿತು. ಬಕ್ಕಿಸ್ ಕತ್ತು ನೆಟ್ಟಗೆ ಮಾಡಿ ದೇವತೆಯಂತೆಯೇ ನಡೆದಳು. ಬೀದಿಯ ಜನ ತೆಪ್ಪಗೆ ನೋಡಿದರು. ಪಾಪ, ಅವಳಿಗೂ ಜೀವದ ಆಸೆ ಇರದೇ, ಎಂದುಕೊಂಡು ಮೆಲಿತೆ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು.

ಚಿತೆಯ ಬಳಿ ಮುದಿ ಚಕ್ರವರ್ತಿ ಕಾಯುತ್ತಿದ್ದ. ಅವನನ್ನು ಕಂಡದ್ದೇ ಬಕ್ಕಿಸ್ ಸಾಲು ಬಿಟ್ಟು ಸರಸರನೆ ಅತ್ತ ನಡೆದಳು.

“ಏನೂಂದ್ರೆ, ಬಿಸಿಲಲ್ಲಿ ಬರಿತಲೇಲಿ ನಿಂತಿದ್ದೀರಲ್ಲ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?”

ಪಾರುಪತ್ಯಗಾರನ ಮುಖ ಬಿಳಿಚಿತು. ಕಾವಲಿನವರು ಮುಂದೆ ಬಂದರು.

ಚಕ್ರವರ್ತಿ ಕೈಯೆತ್ತಿ ಕಾವಲಿನವರನ್ನು ತಡೆದ. “ಇಲ್ಲ ಕಣೇ,” ಎಂದ ಸಣ್ಣ ದನಿಯಲ್ಲಿ.

ಅವನ ಹೆಗಲಿಂದ ಜಾರಿದ್ದ ವಸ್ತ್ರ ಸರಿಮಾಡಲು ಬಕ್ಕಿಸ್ ಕೈ ಎತ್ತಿದಳು. ಅವಳು ಅವನಷ್ಟೇ ಎತ್ತರದ ಹೆಂಗಸು. ಆದರೂ ಚಕ್ರವರ್ತಿ, ತನ್ನ ಗಿಡ್ಡ ಹೆಂಡತಿಗೆ ಎಟುಕಲೆಂದು, ಮೊಣಕಾಲು ಕೊಂಚ ಮಡಿಸಿ ಬಗ್ಗಿ ನಿಂತ.